ಚಂದ್ರಗಿರಿ ಹೊಳೆಯಲ್ಲಿ ಕಾಣದ ನೀರು

ಕಾಸರಗೋಡಿಗೆ ಹೋದವರೆಲ್ಲ ಬೇಕಲ ಕೋಟೆಯ ಬಗ್ಗೆ ಬರೆಯುತ್ತಾರೆ. ನಾವೂ ಹೋಗಿದ್ದೆವು. ಬಿಸಿಲಿತ್ತು, ಜನರಿದ್ದರು, ಸೆಲ್ಫಿಗೆ ಸಾಲು ಹಚ್ಚಿದ್ದರು. ಅಷ್ಟು ಸಾಕು. ನನಗೆ ಬರೆಯಬೇಕೆನಿಸಿದ್ದು ಅಲ್ಲಿಂದ ಉತ್ತರಕ್ಕೆ, ಚೆಮ್ನಾಡು ಮತ್ತು ತಳಂಗರೆಯ ನಡುವೆ ಹರಿಯುವ ಚಂದ್ರಗಿರಿ ಹೊಳೆಯಲ್ಲಿ ಕಳೆದ ಒಂದು ಮಧ್ಯಾಹ್ನದ ಬಗ್ಗೆ.

ಸುಳ್ಯದವರು ಪಯಸ್ವಿನಿ ಎನ್ನುವ ಹೊಳೆಯೇ ಇದು. ಕೊಡಗಿನ ಬೆಟ್ಟದಿಂದ ಇಳಿದು ಬಂದು ಕಾಸರಗೋಡು ಪೇಟೆಯ ತೆಂಕಣಕ್ಕೆ ಕಡಲು ಸೇರುತ್ತದೆ. ದಕ್ಷಿಣ ದಂಡೆಯ ದಿಬ್ಬದಲ್ಲಿ 17ನೇ ಶತಮಾನದ ಕೋಟೆಯಿದೆ, ಇಕ್ಕೇರಿ ಶಿವಪ್ಪ ನಾಯಕನದು. ಬೇಕಲದಷ್ಟು ದೊಡ್ಡದಲ್ಲ, ಆದರೆ ಅಲ್ಲಿ ನಿಂತರೆ ಹೊಳೆ, ರೈಲು ಸೇತುವೆ, ಅಳಿವೆ ಎಲ್ಲ ಕಾಣುತ್ತದೆ. ನನ್ನನ್ನು ಕೇಳಿದರೆ ಬೇಕಲಕ್ಕಿಂತ ಇದೇ ವಾಸಿ.

ಬದಿಯಡ್ಕದ ಭಾವನಿಗೆ ಗಾಳದ ಹುಚ್ಚು. ಅವನೇ ಎಲ್ಲಿಂದಲೋ ಬಾಡಿಗೆಗೆ ಇಬ್ಬರು ಕೂರುವ ಮೀನು ಹಿಡಿಯುವ ಕಯಾಕ್ ಗೊತ್ತು ಮಾಡಿದ್ದ. ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ದೋಣಿ. ಕೂರುವುದು ಒಳಗಲ್ಲ, ಅದರ ಮೇಲೆ. ಕಾಲಿಡುವ ತಗ್ಗಿನಲ್ಲಿ ದೋಣಿಯ ಅಡಿಯವರೆಗೆ ಆರಪಾರ ತೂತುಗಳಿರುತ್ತವೆ. ಮೇಲೆ ಬಿದ್ದ ನೀರು ಅವುಗಳಲ್ಲಿ ತಾನಾಗಿ ಇಳಿದು ಹೋಗುತ್ತದೆ. ಬಾಡಿಗೆಯ ಹುಡುಗ ಆ ತೂತುಗಳಿಗೆಲ್ಲ ರಬ್ಬರ್ ಬಿರಡೆ ಜಡಿದು, "ಪ್ಯಾಂಟ್ ಒದ್ದೆ ಆಗುದಿಲ್ಲ ಸಾರ್" ಎಂದ. ಭಾರದವರು ಹಿಂದೆ ಕೂರಬೇಕೆಂದು ಭಾವನನ್ನು ಹಿಂದೆ ಕೂರಿಸಿದ. ಭಾವನ ಬೆನ್ನ ಹಿಂದಿನ ಜಾಗದಲ್ಲಿ ಐಸ್ ಪೆಟ್ಟಿಗೆ, ಲಂಗರು, ನೀರಿನ ಕ್ಯಾನ್ ಎಲ್ಲ ತುರುಕಿದ. ದೋಣಿಗೆ ಅಂಟಿಸಿದ್ದ ಚೀಟಿಯಲ್ಲಿ 220 ಕೆ.ಜಿ. ಎಂದಿತ್ತು. ನನ್ನದು 70, ಭಾವನದು ನೂರರ ಹತ್ತಿರ, ಸಾಮಾನು ಇಪ್ಪತ್ತೋ ಏನೋ. ಲೆಕ್ಕಕ್ಕೆ ಸರಿಯೇ. ಆದರೆ ಚೀಟಿಯ ಅಂಕಿ ದೋಣಿ ತೇಲುವುದಕ್ಕೆ ಹೇಳಿದ್ದು. ಹಾಯಾಗಿ ಹುಟ್ಟು ಹಾಕಬೇಕೆಂದರೆ ಅದರ ಮುಕ್ಕಾಲಿನೊಳಗೆ ಇರಬೇಕು ಎನ್ನುತ್ತಾರೆ ಪಳಗಿದವರು.

ಬೆಳಿಗ್ಗೆ ಭರತದ ನೀರಿನ ಜೊತೆ ಮೇಲಕ್ಕೆ ಹೋದದ್ದು ಸುಖವಾಗಿತ್ತು. ದಂಡೆಯ ಕಾಂಡ್ಲ ಗಿಡಗಳ (ಮ್ಯಾಂಗ್ರೋವ್) ಬುಡದಲ್ಲಿ ಒಂದು ಒಳ್ಳೆಯ ಚೆಂಬಲ್ಲಿ ಮೀನು ಸಿಕ್ಕಿತು. ಭಾವ ಅದರ ಫೋಟೋವನ್ನು ಅಕ್ಕನಿಗೆ ಕಳಿಸಿ ಮಸಾಲೆ ಅರೆಯಲು ಹೇಳಿದ.

ವಾಪಸಾಗುವ ಹೊತ್ತಿಗೆ ಇಳಿತ ಶುರುವಾಗಿತ್ತು. ನೀರು ಪಡುವಣಕ್ಕೆ ಓಡುತ್ತಿತ್ತು, ಕಡಲಗಾಳಿ ಪಡುವಣದಿಂದ ಬೀಸುತ್ತಿತ್ತು. ಎರಡೂ ಎದುರುಬದುರಾದಾಗ ಹೊಳೆಯಲ್ಲಿ ಗಿಡ್ಡ ಗಿಡ್ಡ ಅಲೆಗಳು ಏಳುತ್ತವೆ. ನಮ್ಮ ದೋಣಿಯ ಮೂತಿ ಮೇಲೆದ್ದಿತ್ತು. ಗಾಳಿ ಆ ಹಗುರ ಮೂತಿಯನ್ನು ಹಿಡಿದು ಬದಿಗೆ ತಿರುಗಿಸುತ್ತಲೇ ಇತ್ತು. ಕಾಲಬುಡದಲ್ಲಿ ಅಲೆಯ ನೀರು ನಿಂತಿತ್ತು. ಬಿರಡೆ ಹಾಕಿದ್ದಲ್ಲವೇ, ಹೋಗುವುದೆಲ್ಲಿಗೆ? ಭಾವ ನೀರಿನ ಬಾಟಲಿ ಕತ್ತರಿಸಿ ಮೊಗೆದು ಹಾಕತೊಡಗಿದ.

ಆಗಲೇ ಫೈಬರ್ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ ಒಬ್ಬ ಹಿರಿಯರು ಕೂಗಿದ್ದು. ಮೊದಲು ಮಲಯಾಳದಲ್ಲಿ, ಆಮೇಲೆ ತುಳುವಿನಲ್ಲಿ, ನಮ್ಮ ಮಾತು ಕಿವಿಗೆ ಬಿದ್ದ ಮೇಲೆ ಕನ್ನಡದಲ್ಲಿ. ಮಲ್ಪೆಯ ಬೋಟಿನಲ್ಲಿ ದುಡಿದವರಂತೆ.

"ಹೋಯ್, ಹಿಂದೆ ಕೂತವರೇ, ನಿಮ್ಮ ದೋಣಿಯ ಹೊಟ್ಟೆಗೆ ನೀರು ಹೊಕ್ಕಿದೆ."

"ಹೊಟ್ಟೆಗಲ್ಲ ಅಣ್ಣ, ಇಲ್ಲಿ ಕಾಲಬುಡದಲ್ಲಿ ನಿಂತದ್ದು," ಎಂದ ಭಾವ.

"ಕಾಲಬುಡದ್ದು ನಿಮಗೆ ಕಾಣ್ತದಲ್ಲ ಮಾರಾಯ್ರೆ. ನಾನು ಹೇಳುದು ಕಾಣದ್ದನ್ನು. ಆ ಬಿರಡೆ ತೆಗೀರಿ, ಗೊತ್ತಾಗ್ತದೆ."

ಅಲೆಯ ನಡುವೆ ದೋಣಿಯ ತೂತು ತೆರೆಯಲು ಯಾರಿಗೆ ಧೈರ್ಯ? ನಾನು ಮುಂದಿನದನ್ನು ತೆಗೆದೆ. ನಿಂತ ನೀರು ಗುಳುಗುಳು ಎಂದು ಇಳಿದು ಹೋಯಿತು. ಭಾವ ಹಿಂದಿನದನ್ನು ತೆಗೆದ. ಅಲ್ಲಿ ನೀರು ಇಳಿಯಲಿಲ್ಲ, ಹೊಳೆಯೇ ತೂತಿನಿಂದ ಮೇಲೆ ಬಂತು. ಅಂದರೆ ಭಾವನ ಕಾಲಿದ್ದ ಜಾಗ ಹೊಳೆಯ ನೀರಿನ ಮಟ್ಟಕ್ಕಿಂತ ಕೆಳಗಿತ್ತು.

ಹಿರಿಯರು ತಮ್ಮ ದೋಣಿ ಹತ್ತಿರ ತಂದು ನಮ್ಮದರ ಅಂಚು ಹಿಡಿದುಕೊಂಡರು. ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಅಲೆ ಬಡಿದಾಗ ಇದು ಒಂದು ಬದಿಗೆ ವಾಲಿ ಅಲ್ಲೇ ಸ್ವಲ್ಪ ನಿಲ್ತದೆ, ಆಮೇಲೆ ಏಳ್ತದೆ. ಭಾರ ಕಟ್ಟಿ ಇಟ್ಟದ್ದಾದ್ರೆ ಅದು ಇದ್ದಲ್ಲೇ ಇರ್ತದೆ. ನೀರು ಹಾಗಲ್ಲ, ದೋಣಿ ವಾಲಿದ ಬದಿಗೇ ಓಡಿ ಇನ್ನೂ ವಾಲಿಸ್ತದೆ."

ಅವರ ದೋಣಿಯ ಮುಂಭಾಗದಲ್ಲಿ ಬಾಯಿ ಕಟ್ಟಿದ ಒಂದು ಹೊಯಿಗೆ (ಮರಳು) ಚೀಲವಿತ್ತು. ಒಬ್ಬರೇ ಹಿಂದೆ ಕೂತಾಗ ಮೂತಿ ಏಳಬಾರದೆಂದು ಇಟ್ಟದ್ದು. ಹೊಯಿಗೆಯ ಬದಲು ನೀರಿನ ಕ್ಯಾನ್ ಇಟ್ಟರಾಗದೇ ಎಂದು ಭಾವ ಕೇಳಿದ.

"ಬಾಯಿವರೆಗೆ ತುಂಬಿಸಿದ್ದಾದ್ರೆ ಆದೀತು. ಅರ್ಧ ಕ್ಯಾನ್ ಬೇಡ."

ನಮ್ಮ ಹಿಂದಿದ್ದ ಕ್ಯಾನ್ ಸರಿಯಾಗಿ ಅರ್ಧವಿತ್ತು. ಅವರು ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಹತ್ತಿರದ ಹೊಯಿಗೆ ದಿಬ್ಬಕ್ಕೆ ದೋಣಿ ಹಚ್ಚಿ ಹಿಂತುದಿಯ ತಿರುಪಿನ ಮುಚ್ಚಳ ಬಿಚ್ಚಿ ಮೂತಿ ಎತ್ತಿದೆವು. ನೀರು ಸುರಿಯುತ್ತಲೇ ಇತ್ತು, ಒಂದು ಲೀಟರಿಗೆ ಒಂದು ಕೆ.ಜಿ. ಲೆಕ್ಕದಲ್ಲಿ. ಎರಡು ಕೊಡಕ್ಕೆ ಕಡಿಮೆಯಿಲ್ಲ. ಮುಚ್ಚಳದಲ್ಲಿ ಇರಬೇಕಿದ್ದ ರಬ್ಬರ್ ವಾಷರ್ ಇರಲೇ ಇಲ್ಲ. ಹಿಂದೆ ಭಾರ ಹೇರಿದಷ್ಟೂ ಆ ತೂತು ನೀರಿಗೆ ಇನ್ನಷ್ಟು ಮುಳುಗಿ, ಒಳಗೆ ಬಂದ ನೀರೂ ಹಿಂದಕ್ಕೇ ಸೇರಿ, ಒಂದಕ್ಕೊಂದು ಕುಮ್ಮಕ್ಕು ಕೊಟ್ಟಿದ್ದವು. ಭಾವನ ಉಟ್ಟ ಲುಂಗಿಯ ಅಂಚು ಹರಿದು ತಿರುಪಿಗೆ ಸುತ್ತಿ ಬಿಗಿದೆವು. ಐಸ್ ಪೆಟ್ಟಿಗೆ ಇಬ್ಬರ ನಡುವೆ, ತೀರಾ ತಳಕ್ಕೆ ಬಂತು. ಲಂಗರು ನನ್ನ ಕಾಲ ಮುಂದೆ ನಡುಗೆರೆಯ ಮೇಲೆ. ಕ್ಯಾನಿನ ನೀರನ್ನು ಇಬ್ಬರೂ ಕುಡಿದು ಖಾಲಿ ಮಾಡಿದೆವು. ಮತ್ತೆ ನೀರಿಗಿಳಿದಾಗ ಮೂತಿ ಗಾಳಿಗೆ ನೇರವಾಗಿ ನಿಂತಿತು. ಅಲೆ ಮೇಲೆ ಬಿದ್ದು ತೂತಿನಿಂದ ಹೊರಗೆ ಹೋಯಿತು. ಪ್ಯಾಂಟ್ ಒದ್ದೆಯಾಯಿತು. ಆಗಲಿ.

ನನಗೆ ಇನ್ನೂ ಸಿಟ್ಟಿರುವುದು ಆ ವಾಷರ್ ವಿಷಯಕ್ಕೆ. ಬಾಡಿಗೆಗೆ ಕಯಾಕ್ ತೆಗೆದುಕೊಳ್ಳುವವರು ಲೈಫ್ ಜಾಕೆಟ್ಟಿನ ಬಕಲ್ ನೋಡುವಂತೆ ಹಿಂತುದಿಯ ಮುಚ್ಚಳವನ್ನೂ ಬಿಚ್ಚಿ ನೋಡಿ. ಸಾಮಾನು ಇಡುವ ಗೂಡಿನ ಮುಚ್ಚಳ ಸರಿ ಕೂರುತ್ತದೆಯೇ ಎಂದು ಒತ್ತಿ ನೋಡಿ. ನಡುನಡುವೆ ಆ ಗೂಡಿನಲ್ಲಿ ಕೈ ಹಾಕಿ ತಳ ಮುಟ್ಟಿ, ಕಾಲಿಗೆ ನೀರು ಬಂದ ಮೇಲಲ್ಲ. ಹರಿವ ನೀರಿನಲ್ಲಿ ಲಂಗರು ಹಾಕುವುದಾದರೆ ಹಗ್ಗವನ್ನು ದೋಣಿಯ ತುದಿಗೆ ಕಟ್ಟಿ. ಪಕ್ಕಕ್ಕೆ ಕಟ್ಟಿದರೆ ಇಳಿತದ ಸೆಳೆತಕ್ಕೆ ದೋಣಿ ಅಡ್ಡವಾಗಿ ಮಗುಚುತ್ತದೆ. ಇದೂ ಆ ಹಿರಿಯರೇ ಹೇಳಿದ್ದು. ಚೆಂಬಲ್ಲಿ ಕೊಡಹೋದರೆ ನಕ್ಕು, ತಮ್ಮ ಬುಟ್ಟಿಯಿಂದ ನಮಗೇ ನಾಲ್ಕು ಕಾಣೆ ಮೀನು ಕೊಟ್ಟರು.

ಬಾಡಿಗೆಯ ಹುಡುಗ ದೋಣಿಯ ಅಡಿಯಲ್ಲಿ ಗೀರು ಬಿದ್ದಿದೆಯೆಂದು ಮುಂಗಡದಲ್ಲಿ ದುಡ್ಡು ಮುರಿಯಲು ಹೊರಟ. ಭಾವ ಮಾತಾಡದೆ ಲುಂಗಿಯ ಚಿಂದಿ ಬಿಚ್ಚಿ ಅವನ ಕೈಗಿಟ್ಟ. ಮುಂಗಡ ಪೂರ್ತಿ ವಾಪಸು ಬಂತು. ಲುಂಗಿಯ ದುಡ್ಡು ಬರಲಿಲ್ಲ.