ಜಿನೀವಾ ಗಡಿಯಾರ ಮೇಳ: ಶನಿವಾರ ಬೇಡ, ಸೋಮವಾರ ಹೋಗಿ

ಜಿನೀವಾದ ಗಡಿಯಾರ ಮೇಳಕ್ಕೆ ಹೋಗಬೇಕೆಂದಿರುವವರು ವಿಮಾನದ ಟಿಕೆಟ್ಟಿಗಿಂತ ಮೊದಲು ಮಲಗುವ ಜಾಗವನ್ನು ಗಟ್ಟಿ ಮಾಡಿಕೊಳ್ಳಬೇಕು. ನಾನು 2025ರ ಏಪ್ರಿಲ್‌ನಲ್ಲಿ 'ವಾಚಸ್ ಅಂಡ್ ವಂಡರ್ಸ್' ಮೇಳಕ್ಕೆ ಹೋಗುವ ಮೂರು ತಿಂಗಳ ಮೊದಲೇ ಕಾರ್ನವಾನ್ ರೈಲು ನಿಲ್ದಾಣದ ಹಿಂಭಾಗದಲ್ಲಿ ಒಂದು ಕೋಣೆಯನ್ನು ಕಾಯ್ದಿರಿಸಿ, ಹಣವನ್ನೂ ಪೂರ್ತಿಯಾಗಿ ಕಟ್ಟಿದ್ದೆ. ಹೊರಡಲು ಹನ್ನೆರಡು ದಿನ ಇರುವಾಗ ಮಾಲೀಕರಿಂದ ಎರಡು ಸಾಲಿನ ಸಂದೇಶ ಬಂತು: ನೀರಿನ ಕೊಳವೆ ಒಡೆದಿದೆ, ಕೋಣೆ ಕೊಡಲಾಗುವುದಿಲ್ಲ, ಹಣ ಹಿಂದಿರುಗಿಸುತ್ತೇವೆ. ಹಣವೇನೋ ಬಂತು. ಆದರೆ ಅದೇ ಸಂಜೆ ಅದೇ ಕೋಣೆ, ಅದೇ ಹಳದಿ ಪರದೆಯ ಚಿತ್ರದೊಂದಿಗೆ, ಅದೇ ದಿನಗಳಿಗೆ, ನಾನು ಕೊಟ್ಟಿದ್ದರ ಎರಡೂವರೆ ಪಟ್ಟು ಬೆಲೆಗೆ ಮತ್ತೆ ಬಾಡಿಗೆಗೆ ಕಾಣಿಸಿಕೊಂಡಿತು. ಮೇಳದ ವಾರದಲ್ಲಿ ಆ ಊರಿನಲ್ಲಿ ಹಾಸಿಗೆಯೊಂದಕ್ಕೆ ಎಷ್ಟು ಬೇಡಿಕೆ ಇರುತ್ತದೆ ಎಂಬುದು ನನಗೆ ಆಗಲೇ ಅರ್ಥವಾದದ್ದು. ಆದ್ದರಿಂದ ಖಾಸಗಿ ಮನೆಯ ಕೋಣೆಯನ್ನು ನಂಬದೆ, ತುಸು ದುಬಾರಿಯಾದರೂ ಸರಿಯಾದ ಹೋಟೆಲಿನಲ್ಲೇ ಕಾಯ್ದಿರಿಸಿ, ಹೊರಡುವ ಒಂದು ತಿಂಗಳ ಮೊದಲು ಹೋಟೆಲಿಗೆ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ.

ಕೊನೆಗೆ ನನಗೆ ಸಿಕ್ಕಿದ್ದು ಗಡಿಯಾಚೆ, ಫ್ರಾನ್ಸಿನ ಆನ್‌ಮಾಸ್ ಎಂಬ ಊರಿನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಅಲ್ಲಿಯೂ ಬೀಗದ ಕೈ ಕೊಡುವಾಗ ಹೊದಿಕೆ ಮತ್ತು ಶುಚಿಗೊಳಿಸುವ ಲೆಕ್ಕದಲ್ಲಿ ನಲವತ್ತೈದು ಯೂರೋ ನಗದು ಕೇಳಿದರು. ಕರಾರಿನಲ್ಲಿ ಆ ಮಾತೇ ಇರಲಿಲ್ಲವಾದರೂ ರಾತ್ರಿ ಹತ್ತೂವರೆಗೆ ಪೆಟ್ಟಿಗೆ ಹಿಡಿದು ನಿಂತವನು ವಾದಿಸುವುದು ಕಷ್ಟ, ಕೊಟ್ಟೆ. 2019ರ ಕೊನೆಯಲ್ಲಿ ಆರಂಭವಾದ ಲೆಮಾನ್ ಎಕ್ಸ್‌ಪ್ರೆಸ್ ರೈಲು ಆನ್‌ಮಾಸ್‌ನಿಂದ ಕಾರ್ನವಾನ್‌ಗೆ ಸುಮಾರು ಇಪ್ಪತ್ತು ನಿಮಿಷದಲ್ಲಿ ತಲುಪಿಸುತ್ತದೆ, ಆದ್ದರಿಂದ ದೂರವೇನೂ ದೊಡ್ಡ ತೊಂದರೆಯಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವಿಷಯ ಬೇರೆ ಇದೆ. ಜಿನೀವಾದ ಹೋಟೆಲಿನಲ್ಲಿ ಉಳಿದವರಿಗೆ ಊರಿನ ಬಸ್ಸು, ಟ್ರ್ಯಾಮು, ರೈಲುಗಳಲ್ಲಿ ಉಚಿತವಾಗಿ ಓಡಾಡುವ ಸಾರಿಗೆ ಕಾರ್ಡು ಸಿಗುತ್ತದೆ. ಫ್ರಾನ್ಸಿನ ಕಡೆ ಉಳಿದವರಿಗೆ ಅದು ಇಲ್ಲ, ಪ್ರತಿದಿನವೂ ಗಡಿ ದಾಟುವ ಟಿಕೆಟ್ಟಿಗೆ ಹಣ ತೆರಬೇಕು. ಭಾರತದಿಂದ ಹೋಗುವವರಿಗೆ ವೀಸಾದ ಎಚ್ಚರಿಕೆಯೂ ಇದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾವನ್ನು ಪ್ರವಾಸದ ಮುಖ್ಯ ದೇಶದಿಂದ ಪಡೆಯಬೇಕಾದ್ದರಿಂದ, ಸ್ವಿಟ್ಜರ್‌ಲೆಂಡಿನ ವೀಸಾ ಪಡೆದು ರಾತ್ರಿಗಳನ್ನೆಲ್ಲ ಫ್ರಾನ್ಸಿನಲ್ಲಿ ಕಳೆಯುವವರು ಪ್ರವಾಸದ ಉದ್ದೇಶವನ್ನು ತೋರಿಸುವ ಮೇಳದ ಟಿಕೆಟ್ಟು ಮತ್ತು ರದ್ದಾದ ಕೋಣೆಯ ಪತ್ರವನ್ನು ಕೈಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ಪ್ರತಿ ಸಲ ಗಡಿ ದಾಟುವಾಗಲೂ ಆ ಕಾಗದಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಶ್ರಮಪಟ್ಟು ಹೋಗಿದ್ದು ಒಂದು ಗಡಿಯಾರ ನೋಡುವುದಕ್ಕೆ. ನನ್ನ ತಂದೆ ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಜೋಡಣೆಯ ವಿಭಾಗದಲ್ಲಿದ್ದವರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಆರಂಭವಾದ ಆ ಕಾರ್ಖಾನೆಯ ಕೀಲಿ ಕೊಡುವ ಗಡಿಯಾರಗಳನ್ನು ನೋಡುತ್ತಲೇ ನಾನು ಬೆಳೆದೆ. ಒಂದು ಗಡಿಯಾರ ಕೈಗೆ ಬಂದರೆ ಡಯಲ್ಲಿಗಿಂತ ಮೊದಲು ಬೆನ್ನಿನ ಮುಚ್ಚಳದ ಒಳಗೇನಿದೆ ಎಂದು ತಿಳಿಯುವ ಆಸೆ ನನಗೆ. 1755ರಲ್ಲಿ ಜಿನೀವಾದಲ್ಲಿ ಹುಟ್ಟಿದ ವಾಶೆರಾನ್ ಕಾನ್‌ಸ್ಟಾಂಟಿನ್ ಸಂಸ್ಥೆ ತನ್ನ 270ನೆಯ ವರ್ಷದಲ್ಲಿ 'ಸೊಲಾರಿಯಾ' ಎಂಬ ಕೈಗಡಿಯಾರವನ್ನು ಹೊರತಂದಿದೆ ಎಂದು ತಿಳಿದಾಗ, ಬದುಕಿನಲ್ಲಿ ಒಮ್ಮೆಯಾದರೂ ಇಂಥದನ್ನು ಕಣ್ಣಾರೆ ಕಾಣಬೇಕೆನಿಸಿತು.

ಮೇಳ ನಡೆಯುವುದು ಪಾಲೆಕ್ಸ್‌ಪೋ ಎಂಬ ಸಭಾಂಗಣದಲ್ಲಿ. ಅದು ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಕಾರ್ನವಾನ್‌ನಿಂದ ವಿಮಾನ ನಿಲ್ದಾಣಕ್ಕೆ ರೈಲಿನಲ್ಲಿ ಏಳೆಂಟು ನಿಮಿಷ, ಅಲ್ಲಿಂದ ಹತ್ತು ನಿಮಿಷದ ನಡಿಗೆ. ಟ್ಯಾಕ್ಸಿ ಹಿಡಿಯುವ ಅಗತ್ಯವೇ ಇಲ್ಲ. ಮೊದಲ ನಾಲ್ಕು ದಿನ ವ್ಯಾಪಾರಿಗಳಿಗೆ ಮತ್ತು ಪತ್ರಕರ್ತರಿಗೆ ಮೀಸಲು. ನಮ್ಮಂಥವರಿಗೆ ಕೊನೆಯ ಮೂರು ದಿನ, ಅಂದರೆ ಶನಿವಾರ, ಭಾನುವಾರ, ಸೋಮವಾರ. ಮೇಳದ ತಾರೀಖು ಪ್ರತಿವರ್ಷ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು: 2024ರಲ್ಲಿ ಏಪ್ರಿಲ್ 9ರಿಂದ 15, 2025ರಲ್ಲಿ 1ರಿಂದ 7, 2026ಕ್ಕೆ 14ರಿಂದ 20. ಹಿಂದಿನ ವರ್ಷದ ತಾರೀಖನ್ನು ನಂಬಿ ರಜೆ ಹಾಕಬೇಡಿ.

ಶನಿವಾರದ ಟಿಕೆಟ್ಟಿಗೆ ನಾನು 70 ಫ್ರಾಂಕ್ ಕೊಟ್ಟೆ, ಮತ್ತು ಆ ದಿನ ಬಹುಪಾಲು ವ್ಯರ್ಥವಾಯಿತು. ಜನಸಂದಣಿಯನ್ನು ನಾನು ಸಹಿಸಲಾರೆ. ಜಾತ್ರೆಗೂ ತೇರು ಎಳೆದು ಮುಗಿದ ಮರುದಿನ ಹೋಗುವವನು ನಾನು. ಬೇರೆಯವರಿಗೆ ಇಷ್ಟು ಕಷ್ಟವಾಗದಿರಬಹುದು. ಆ ವರ್ಷ ಸಾರ್ವಜನಿಕರಿಗೆ 23,000 ಟಿಕೆಟ್ಟುಗಳು ಮಾರಾಟವಾದವು, 60 ಸಂಸ್ಥೆಗಳು ಒಂದೇ ಸೂರಿನಡಿ ಇದ್ದವು. ರೋಲೆಕ್ಸ್‌ನ ಹೊಸ 'ಲ್ಯಾಂಡ್ ಡ್ವೆಲರ್' ಇಟ್ಟಿದ್ದ ಗಾಜಿನ ಮುಂದೆ ಐದು ಸಾಲು ಜನ. ಎಲ್ಲರ ಕೈಯಲ್ಲೂ ಮೇಲೆತ್ತಿದ ಫೋನು. ನನಗೆ ಕಂಡದ್ದು ಆ ಫೋನುಗಳ ಪರದೆಯ ಮೇಲಿನ ಗಡಿಯಾರ ಮಾತ್ರ. ಸೋಮವಾರ ಮತ್ತೆ ಟಿಕೆಟ್ ತೆಗೆದುಕೊಂಡು ಹೋದಾಗ ಅದೇ ಗಾಜಿನ ಮುಂದೆ ಎರಡು ನಿಮಿಷ ಯಾರೂ ತಳ್ಳದಂತೆ ನಿಲ್ಲಲು ಸಾಧ್ಯವಾಯಿತು. ಅದರ ಹೊಸ ಯಂತ್ರ ಗಂಟೆಗೆ 36,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಬಡಿತ. ನನ್ನ ಕೈಯಲ್ಲಿದ್ದ ತಂದೆಯವರ ಕಾಲದ ಎಚ್‌ಎಂಟಿ ಗಂಟೆಗೆ 18,000 ಬಡಿತದ್ದು, ಸೆಕೆಂಡಿಗೆ ಐದು. ಎರಡರ ಸೆಕೆಂಡಿನ ಮುಳ್ಳುಗಳನ್ನೂ ಒಟ್ಟಿಗೆ ನೋಡಿದಾಗ ವ್ಯತ್ಯಾಸ ಬರಿಗಣ್ಣಿಗೇ ತಿಳಿಯಿತು: ನಮ್ಮದು ಹೆಜ್ಜೆ ಎಣಿಸಿಕೊಂಡು ನಡೆಯುತ್ತದೆ, ಅದು ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತದೆ. ಶನಿವಾರದ ನೂಕುನುಗ್ಗಲಿನಲ್ಲಿ ಇದನ್ನು ಕಾಣಲು ಸಾಧ್ಯವೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬೇರೆಲ್ಲೂ ನಿಲ್ಲದೆ ವಾಶೆರಾನ್ ಮಳಿಗೆಗೆ ಹೋದೆ. ನೀವೂ ಹಾಗೆಯೇ ಮಾಡಿ: ಅರವತ್ತನ್ನೂ ನೋಡುವ ಆಸೆ ಬಿಟ್ಟು, ನಿಮಗೆ ಬೇಕಾದ ಒಂದೇ ಸಂಸ್ಥೆಯನ್ನು ಮನೆಯಲ್ಲೇ ಆರಿಸಿಕೊಂಡು, ಮೊದಲ ಒಂದು ಗಂಟೆಯನ್ನು ಅದಕ್ಕೇ ಕೊಡಿ. ಗಂಟೆ, ನಿಮಿಷ, ಸೆಕೆಂಡು ತೋರಿಸುವುದರ ಆಚೆಗೆ ಗಡಿಯಾರ ಮಾಡುವ ಪ್ರತಿಯೊಂದು ಕೆಲಸಕ್ಕೂ ಈ ಕಸುಬಿನವರು ಕಾಂಪ್ಲಿಕೇಶನ್ ಎನ್ನುತ್ತಾರೆ. ಸೊಲಾರಿಯಾದಲ್ಲಿ ಅಂಥವು 41 ಇವೆ. ಬಿಡಿಭಾಗಗಳು 1,521. ಇದರ ಹಿಂದಿನ ವರ್ಷ ಇದೇ ಸಂಸ್ಥೆ 63 ಕಾಂಪ್ಲಿಕೇಶನ್‌ಗಳ ಗಡಿಯಾರವೊಂದನ್ನು ತೋರಿಸಿತ್ತು, ಆದರೆ ಅದು ಜೇಬಿನ ಗಡಿಯಾರ. ಅಂಗೈ ತುಂಬುವ ಡಬ್ಬಿಯಲ್ಲಿ ಜಾಗಕ್ಕೆ ಅಷ್ಟು ಬರವಿರುವುದಿಲ್ಲ. ಸೊಲಾರಿಯಾದ ಅಗಲ 45 ಮಿಲಿಮೀಟರ್, ದಪ್ಪ 15 ಮಿಲಿಮೀಟರಿಗೂ ಕೂದಲೆಳೆಯಷ್ಟು ಕಡಿಮೆ. ಅಷ್ಟರೊಳಗೆ ಸೂರ್ಯನು ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ, ಸಮಭಾಜಕದಿಂದ ಎಷ್ಟು ಬಾಗಿದ್ದಾನೆ ಎಂಬುದನ್ನೂ, ನಕ್ಷತ್ರಗಳ ಲೆಕ್ಕದ ಸಮಯವನ್ನೂ ತೋರಿಸುವ ಚಕ್ರಗಳಿವೆ. ನಮ್ಮಲ್ಲಿ ಪಂಚಾಂಗ ಬರೆಯುವವರು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಮುದ್ರಿಸುವ ಸಂಗತಿಗಳನ್ನು ಒಂದು ಸ್ಪ್ರಿಂಗಿನ ಬಲದಿಂದ, ಬ್ಯಾಟರಿಯ ಹಂಗಿಲ್ಲದೆ, ಹಲ್ಲಿನ ಚಕ್ರಗಳು ಹೇಳುತ್ತವೆ. ಒಬ್ಬನೇ ಕುಶಲಕರ್ಮಿ ಎಂಟು ವರ್ಷ ಇದರ ಮೇಲೆ ಕೆಲಸ ಮಾಡಿದನಂತೆ. ಗಾಜಿನ ಮುಂದೆ ಬಗ್ಗಿ ನಿಂತಾಗ ನನಗೆ ನೆನಪಾದದ್ದು ಕೆಲಸದ ಪಾಳಿ ಮುಗಿಸಿ ಬಂದ ಅಪ್ಪ ಭೂತಗನ್ನಡಿ ಒತ್ತಿದ ಗುರುತಿದ್ದ ಬಲಗಣ್ಣನ್ನು ಉಜ್ಜಿಕೊಳ್ಳುತ್ತಿದ್ದದ್ದು.

ಒಂದು ಸಂಗತಿಯನ್ನು ಮೊದಲೇ ತಿಳಿದು ಹೋಗಿ. ಸಾರ್ವಜನಿಕ ದಿನಗಳಲ್ಲಿ ನಾನು ನೋಡಿದ ಹೊಸ ಗಡಿಯಾರಗಳಲ್ಲಿ ಹೆಚ್ಚಿನವು ಗಾಜಿನ ಹಿಂದೆಯೇ ಇದ್ದವು. ಕೈಗೆ ಕಟ್ಟಿ ನೋಡಬೇಕೆಂದಿರುವವರು ಆಯಾ ಸಂಸ್ಥೆಯ ಭಾರತದ ಮಾರಾಟಗಾರರ ಮೂಲಕ ಮೊದಲೇ ಸಮಯ ಕೇಳಿಕೊಳ್ಳುವುದು ಮೇಲು. ಅಲ್ಲಿಗೆ ಹೋಗಿ ಕೇಳಿದರೆ ಸಿಗುವ ಖಾತರಿ ಇಲ್ಲ. ಸೊಲಾರಿಯಾದೊಳಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಗಂಟೆಯ ನಾದದಲ್ಲಿ ಸಮಯ ನುಡಿಯುವ ಏರ್ಪಾಡು ಇದೆ, ನಾಲ್ಕು ಪುಟ್ಟ ಸುತ್ತಿಗೆಗಳು ನಾಲ್ಕು ತಂತಿಗಳನ್ನು ಬಡಿಯುತ್ತವೆ. ಅದನ್ನು ಕೇಳಬೇಕೆಂಬುದೇ ನನ್ನ ದೊಡ್ಡ ಆಸೆಯಾಗಿತ್ತು, ಗಾಜಿನ ಈಚೆಗೆ ಅದು ಕೇಳುವ ಮಾತಿರಲಿಲ್ಲ. ಅರ್ಧ ಗಂಟೆ ನಿಂತು ಬಂದೆ.

ಊಟಕ್ಕೆ ಪಾಲೆಕ್ಸ್‌ಪೋ ಒಳಗೆ ಹಣ ಸುರಿಯಬೇಡಿ. ಸಂಜೆ ಕಾರ್ನವಾನ್‌ಗೆ ಮರಳಿ, ಅಲ್ಲಿಂದ ಹದಿನೈದು ನಿಮಿಷ ಸರೋವರದ ಕಡೆ ನಡೆದರೆ ಬ್ಯಾಂ ದೆ ಪಾಕಿ ಎಂಬ ಜಾಗ ಸಿಗುತ್ತದೆ. 1930ರ ದಶಕದಲ್ಲಿ ಕಟ್ಟಿದ ಸಾರ್ವಜನಿಕ ಈಜುಕಟ್ಟೆ ಅದು. ನೀರಿನೊಳಕ್ಕೆ ಚಾಚಿದ ಕಟ್ಟೆಯ ಮೇಲೆ, ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ, ಉಪಾಹಾರದ ಮಂದಿರವಿದೆ. ಕಿಟಕಿಯ ಬಳಿ ಸರತಿಯಲ್ಲಿ ನಿಂತು, ತಟ್ಟೆಯನ್ನು ನಾವೇ ಹೊತ್ತು ತಂದು, ಉದ್ದನೆಯ ಮರದ ಮೇಜಿನಲ್ಲಿ ಅಪರಿಚಿತರ ಪಕ್ಕ ಕುಳಿತು ಉಣ್ಣಬೇಕು. ಬ್ಯಾಂಕಿನ ಕೋಟಿನವರೂ, ಬಣ್ಣ ಬಳಿಯುವ ಕೆಲಸದಿಂದ ನೇರ ಬಂದವರೂ, ಒದ್ದೆ ತಲೆಯ ಈಜುಗಾರರೂ ಒಂದೇ ಮೇಜಿಗೆ ಕೂರುತ್ತಾರೆ. ದಿನದ ಊಟವೆಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ನಾನು ಹೋದ ಮೂರು ಸಲವೂ ಇಪ್ಪತ್ತು ಫ್ರಾಂಕಿನೊಳಗೆ ಹೊಟ್ಟೆ ತುಂಬಿತು. ಜಿನೀವಾದಲ್ಲಿ ಅಷ್ಟಕ್ಕೆ ಕುಳಿತು ಉಣ್ಣುವ ಜಾಗ ನನಗೆ ಬೇರೆ ಸಿಗಲಿಲ್ಲ. ಒಂದು ದಿನ ಬಿಸಿ ತರಕಾರಿ ಸೂಪು, ದಪ್ಪ ಸಿಪ್ಪೆಯ ಬ್ರೆಡ್ಡು, ಹಸಿರು ಬೇಳೆಯ ಸಾಲಡ್ ಕೊಟ್ಟರು. ಆ ಬೇಳೆ ನಮ್ಮ ಕೋಸಂಬರಿಯಂತೆ ಹಸಿಯಲ್ಲ, ಬೇಯಿಸಿ ಆರಿಸಿದ್ದು. ಸಾಸಿವೆಯ ಘಾಟು ಮೂಗಿಗೆ ಏರುವಷ್ಟಿತ್ತು, ಎರಡನೆಯ ಸಲ ಹೋಗಿ ಕೇಳಿ ಹಾಕಿಸಿಕೊಂಡೆ. ಎದುರಿಗೆ 140 ಮೀಟರ್ ಎತ್ತರಕ್ಕೆ ಚಿಮ್ಮುವ ಕಾರಂಜಿ, ಗಾಳಿ ತಿರುಗಿದಾಗ ಬಾಗುತ್ತಿತ್ತು. ಕರಗಿಸಿದ ಚೀಸಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಇಲ್ಲಿನ ಫಾಂಡ್ಯೂ ಹೆಸರುವಾಸಿ, ಏಪ್ರಿಲ್‌ನಲ್ಲೂ ಸಿಗುತ್ತದೆ. ಆದರೆ ಅದರಲ್ಲಿ ವೈನ್ ಬೆರೆತಿರುತ್ತದೆ, ಅದಕ್ಕೆ ಹಾಕುವ ಗ್ರುಯೇರ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಸೂಪಿಗೇ ನಿಲ್ಲಬೇಕು. ನೀರಿಗೆ ಹಣ ಕೊಡಬೇಡಿ. ಬೀದಿಯ ಕಾರಂಜಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಒಂದಿದ್ದರೆ ಸಾಕು.

ಪಾಟೆಕ್ ಫಿಲಿಪ್ ಎಂಬ ಗಡಿಯಾರ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ತಪ್ಪಿಸಬೇಡಿ, ಆದರೆ ಅದು ಭಾನುವಾರ ಮತ್ತು ಸೋಮವಾರ ಮುಚ್ಚಿರುತ್ತದೆ. ಹಾಗಾಗಿ ಶನಿವಾರ ಬೆಳಿಗ್ಗೆ ಅಲ್ಲಿಗೆ, ಸೋಮವಾರ ಮೇಳಕ್ಕೆ ಎಂದು ಹೊಂದಿಸಿಕೊಂಡರೆ ನಾನು ಮಾಡಿದ ತಪ್ಪು ನಿಮಗಾಗುವುದಿಲ್ಲ. ಪ್ಲೇನ್‌ಪಾಲೇ ಎಂಬ ಬಡಾವಣೆಯಲ್ಲಿರುವ ಆ ಕಟ್ಟಡದಲ್ಲಿ ಹದಿನಾರನೆಯ ಶತಮಾನದಿಂದ ಈಚಿನ ಗಡಿಯಾರಗಳಿವೆ. 1989ರಲ್ಲಿ ಮಾಡಿದ, 33 ಕಾಂಪ್ಲಿಕೇಶನ್‌ಗಳ 'ಕ್ಯಾಲಿಬರ್ 89' ಕೂಡ ಇದೆ. ಪ್ರವೇಶಕ್ಕೆ ನಾನು ಕೊಟ್ಟದ್ದು ಹತ್ತೇ ಫ್ರಾಂಕ್. ಎಪ್ಪತ್ತು ಕೊಟ್ಟ ಜಾಗಕ್ಕಿಂತ ಇಲ್ಲಿ ಹೆಚ್ಚು ಕಲಿತೆ, ಮುಖ್ಯವಾಗಿ ಇಲ್ಲಿ ಕುಳಿತು ನೋಡಬಹುದು.

ಮೇಳದ ವಾರದಲ್ಲಿ ಊರೊಳಗೆ ಹಣ ಕೊಡದೆ ನೋಡಬಹುದಾದದ್ದೂ ಇದೆ, ಅದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ಸ್ವೆಂಡ್ ಆಂಡರ್ಸನ್ ಮತ್ತು ವಿನ್ಸೆಂಟ್ ಕಲಾಬ್ರೀಸ್ ಅವರು 1985ರಲ್ಲಿ ಕಟ್ಟಿದ, ಸ್ವತಂತ್ರವಾಗಿ ದುಡಿಯುವ ಗಡಿಯಾರ ತಯಾರಕರ ಸಂಘವೊಂದಿದೆ. ಅದರ ಸದಸ್ಯರು ರೋನ್ ನದಿಯ ದಡದ ಬೆರ್ಗ್ ಪ್ರದೇಶದ ಸಭಾಂಗಣದಲ್ಲಿ ತಮ್ಮ ತಮ್ಮ ಮೇಜುಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ. ಒಬ್ಬೊಬ್ಬರೂ ವರ್ಷಕ್ಕೆ ಕೆಲವೇ ಗಡಿಯಾರ ಮಾಡುವವರು, ಮಾಡಿದವರೇ ಎದುರಿಗೆ ಕುಳಿತು ವಿವರಿಸುತ್ತಾರೆ. ಅವರಲ್ಲಿ ಹಿರಿಯರೊಬ್ಬರಿಗೆ, ನಾನು ಕೊಳ್ಳುವವನಲ್ಲವೆಂದು ಮೊದಲೇ ಹೇಳಿದೆ. ಆ ಹಿರಿಯರು ನನ್ನ ಕೈಯ ಎಚ್‌ಎಂಟಿಯನ್ನು ಕಿವಿಗೆ ಹಿಡಿದು ಕೇಳಿ, ಕುರ್ಚಿ ತೋರಿಸಿದರು. ಅವರ ಬಳಿ ಒಂದು ಮಿನಿಟ್ ರಿಪೀಟರ್ ಇತ್ತು. ಪಕ್ಕದ ಸನ್ನೆಯನ್ನು ಎಳೆದು ಬಿಟ್ಟರೆ ಗಂಟೆಗಳನ್ನು ತಗ್ಗಿದ ಸ್ವರದಲ್ಲಿ, ಕಾಲು ಗಂಟೆಗಳನ್ನು ಎರಡೆರಡು ಸ್ವರದ ಜೋಡಿಯಲ್ಲಿ, ಉಳಿದ ನಿಮಿಷಗಳನ್ನು ಏರಿದ ಸ್ವರದಲ್ಲಿ ನುಡಿಯುತ್ತದೆ. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಸಮಯ ತಿಳಿಯಲು ಹುಟ್ಟಿದ ಉಪಾಯ. ನೀವು ಹೋದರೆ ಮುಳ್ಳುಗಳನ್ನು 12 ಗಂಟೆ 59 ನಿಮಿಷಕ್ಕೆ ತಿರುಗಿಸಿ ಕೇಳಿಸುವಂತೆ ವಿನಯದಿಂದ ಕೇಳಿಕೊಳ್ಳಿ, ಏಕೆಂದರೆ ಅದೇ ಅತಿ ಉದ್ದನೆಯ ನುಡಿ. ಅವರು ಗಡಿಯಾರವನ್ನು ತೆಳ್ಳನೆಯ ಮರದ ಪೆಟ್ಟಿಗೆಯ ಮೇಲಿಟ್ಟು ಸನ್ನೆ ಎಳೆದರು. ಹನ್ನೆರಡು ತಗ್ಗಿನ ಬಡಿತ, ಮೂರು ಜೋಡಿ, ಆಮೇಲೆ ಹದಿನಾಲ್ಕು ಸಣ್ಣ ಬಡಿತ, ಒಟ್ಟು ಮೂವತ್ತೆರಡು. ಮುಗಿದ ಮೇಲೆ ನಾನು ಏನೂ ಕೇಳದಿದ್ದರೂ ಮತ್ತೊಮ್ಮೆ ಸನ್ನೆ ಎಳೆದರು.