ಭುಜ ಹೇಳಿಬಿಡ್ತು

ಇವತ್ತು ಇಡೀ ದಿನ ವಿಂಗ್ ಚುನ್ ಅನ್ನೋ ಚೀನೀ ಕುಂಗ್‌ಫು ಸೆಮಿನಾರ್. ಮನೆಗೆ ಬಂದು ಸ್ನಾನ ಮಾಡಿ ಕೂತರೂ ಮಣಿಕಟ್ಟಿನ ಮೇಲೆ ಸಿಫು, ಅಂದ್ರೆ ಗುರುಗಳ ಕೈ ಇನ್ನೂ ಇದೆ ಅನ್ನಿಸ್ತಿದೆ.

ಚಿ ಸಾವ್ ಅಂತಾರೆ. ಅಂಟಿಕೊಂಡ ಕೈಗಳು. ಎದುರುಬದುರು ನಿಂತು, ಮುಂಗೈಗೆ ಮುಂಗೈ ತಾಗಿಸಿ ಉರುಳಿಸ್ತಾ ಇರೋದು. ಎದುರಿನವರು ಎತ್ತ ಬರ್ತಾರೆ ಅಂತ ಕಣ್ಣಿಗಿಂತ ಮೊದಲು ಚರ್ಮಕ್ಕೆ ಗೊತ್ತಾಗಬೇಕು.

ಸಿಫುಗೆ ಅರವತ್ತು ದಾಟಿದೆ. ನನಗಿಂತ ಒಂದು ಗೇಣು ಗಿಡ್ಡ. ಕಣ್ಣು ಮುಚ್ಚಿಕೊಂಡೇ ನನ್ನ ಜೊತೆ ಕೈ ಉರುಳಿಸಿದ್ರು. ಭಾರವೇ ಇಲ್ಲ, ಎಲೆ ಬಂದು ಕೂತ ಹಾಗೆ. ಹೊಡೆಯೋಣ ಅಂದುಕೊಂಡೆ ಅಷ್ಟೇ, ಇನ್ನೂ ಕೈ ಎತ್ತಿಲ್ಲ. ಅವರ ಅಂಗೈ ಆಗಲೇ ನನ್ನ ಎದೆ ಮೇಲಿತ್ತು.

"ಭುಜ ಹೇಳಿಬಿಡ್ತು" ಅಂದ್ರು. ಎರಡೇ ಬೆರಳಲ್ಲಿ ಅದನ್ನು ಮೆಲ್ಲಗೆ ಕೆಳಗೊತ್ತಿದ್ರು.

ಆಮೇಲೆ ಎಲ್ಲರಿಗೂ ಮತ್ತೆ ಮೊದಲ ಪಾಠ. ಸಿಯು ನಿಮ್ ತಾವ್. ಒಂದು ಹೆಜ್ಜೆಯೂ ಇಲ್ಲ, ನಿಂತಲ್ಲೇ ಕೈ ಆಡಿಸೋದು. 1950ರ ದಶಕದಲ್ಲಿ ಹಾಂಕಾಂಗ್‌ನಲ್ಲಿ ವಿಂಗ್ ಚುನ್ ಗುರು ಇಪ್ ಮಾನ್ ಹತ್ತಿರ ಕಲಿಯೋಕೆ ಬಂದ ಹುಡುಗ ಬ್ರೂಸ್ ಲೀಗೂ ಇದೇ ಮೊದಲ ಪಾಠ. ಆ ನಿಲುವಿನ ಹೆಸರಿನಲ್ಲೇ ಆಡು ಇದೆ, ಮಂಡಿ ನಡುವೆ ಆಡನ್ನು ಅದುಮಿ ಹಿಡಿಯೋದು ಅಂತ. ಕೇಳಿದ್ದೇ ತಡ, ಚಿಕ್ಕಪ್ಪ ಕಣ್ಮುಂದೆ ಬಂದ. ಗೊಟ್ಟದಲ್ಲಿ ಔಷಧಿ ಕುಡಿಸುವಾಗ ಥೇಟ್ ಹೀಗೇ ನಿಲ್ತಿದ್ದ. ಆಡಿಗೆ ನೋವಾಗಬಾರದು, ತಪ್ಪಿಸಿಕೊಂಡೂ ಹೋಗಬಾರದು. ಎಷ್ಟು ಹಿಡೀಬೇಕು ಅಂತ ಅವನ ಮಂಡಿಗೆ ಗೊತ್ತಿತ್ತು.

ವಾಪಸ್ ಬರುವಾಗ ಬಸ್ಸಲ್ಲಿ ಕಂಬಿ ಹಿಡಿದು ನಿಂತಿದ್ದೆ. ಭುಜ ಮೇಲೆ ಬಂದಿತ್ತು. ಇಳಿಸಿದೆ. ಎರಡು ಸ್ಟಾಪ್ ಆದಮೇಲೆ ನೋಡಿದರೆ ಮತ್ತೆ ಮೇಲೆ.

ಮತ್ತೆ ಇಳಿಸಿದೆ.