ಏಳೂವರೆಯ ಬಾಗಿಲು

ಬೆಂಗಳೂರಿನ ರಂಗಶಂಕರ ನಾಟಕಮಂದಿರದಲ್ಲಿ ಸಂಜೆ ಏಳೂವರೆಗೆ ಬಾಗಿಲು ಹಾಕಿದರೆ ಮುಗಿಯಿತು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಕಳೆದ ತಿಂಗಳು ಜೆ.ಪಿ. ನಗರದ ಸಿಗ್ನಲ್‌ನಲ್ಲಿ ಆಟೋ ಇಳಿದು, ಓಡಿ, ಏದುಸಿರು ಬಿಡುತ್ತಾ ಕುರ್ಚಿ ಹಿಡಿದೆ. ಅಂದಿನ ನಾಟಕ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’; ಆಡಿದ್ದು ಹೊಸ ಹುಡುಗರ ತಂಡ. ಸುಲ್ತಾನ ಮೊದಲ ದೃಶ್ಯದಿಂದಲೇ ಅರಚತೊಡಗಿದ. ಚದುರಂಗದ ಮಣೆಯ ಮುಂದೆ ತನ್ನ ಬುದ್ಧಿಗೆ ತಾನೇ ಮರುಳಾಗಬೇಕಾದವನು ಹೀಗೆ ಕೂಗಿದರೆ, ಕೊನೆಗೆ ಸಿಂಹಾಸನದಲ್ಲಿ ದಣಿದು ನಿದ್ದೆಹೋಗುವಾಗ ನಮಗೆ ಮರುಕ ಹುಟ್ಟುವುದೆಲ್ಲಿಂದ? ಆದರೆ ಅಜೀಜ್! ಬ್ರಾಹ್ಮಣನ ವೇಷ ತೊಟ್ಟ ಆ ಅಗಸ, ಜನಿವಾರವನ್ನು ಬೆರಳಿಗೆ ಸುತ್ತುತ್ತಾ ನ್ಯಾಯ ಕೇಳಿದ ಪರಿಗೆ ಟಿಕೆಟ್ಟಿನ ದುಡ್ಡು ವಸೂಲಾಯಿತು.

ಆಮೇಲೆ ಊರಿಗೆ ಹೋದಾಗ ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ‘ತಿರುಗಾಟ’ ತಂಡದ ನಾಟಕವಿತ್ತು. 1985ರಿಂದ ಊರೂರು ಸುತ್ತುತ್ತಿರುವ ತಿರುಗಾಟ ಅದು. ಶಾಲೆಯ ಬಯಲು, ಪ್ಲಾಸ್ಟಿಕ್ ಕುರ್ಚಿ, ಚಳಿ. ಹಾಡುಗಳು ತುಸು ಹೆಚ್ಚಾದವು ಅನ್ನಿಸಿತು. ಪಕ್ಕದಲ್ಲಿ ಶಾಲು ಹೊದ್ದು ಕುಳಿತ ಅಮ್ಮನಿಗೆ ಹಾಗನ್ನಿಸಲಿಲ್ಲ. ಆಟ ಮುಗಿದ ಮೇಲೆ ರಾಣಿಯ ಪಾತ್ರದವಳೇ, ಬಣ್ಣ ಕೂಡ ಅಳಿಸದೆ, ಪರದೆ ಮಡಚುತ್ತಿದ್ದಳು. ಅಮ್ಮ ನೇರ ವೇದಿಕೆಯ ಬಳಿ ಹೋಗಿ, “ಊಟ ಆಯಿತೇನಮ್ಮಾ?” ಎಂದು ಕೇಳಿದಳು.